ಸುಬೇದಾರನ ಪ್ಲೇಟ್‌ಲೆಟ್ ಲೆಕ್ಕ

ರಕ್ತಕ್ಕೆ ಜಾತಿಯಿಲ್ಲ ಎಂದು ದೊಡ್ಡವರೆಲ್ಲ ಹೇಳಿದ್ದಾರೆ. ಮನುಷ್ಯರ ಮಟ್ಟಿಗೆ ಅದು ಸತ್ಯ, ನಾನೂ ತಲೆಬಾಗುತ್ತೇನೆ. ನಾಯಿಗಳ ಬಗ್ಗೆ ದೊಡ್ಡವರು ಏನನ್ನೂ ಹೇಳಿಲ್ಲ. ಹೇಳಿದ್ದರೂ ನಾನು ಕೇಳಿಸಿಕೊಳ್ಳುತ್ತಿದ್ದೆನೆಂಬ ಭರವಸೆಯಿಲ್ಲ, ಏಕೆಂದರೆ ಆ ದಿನಗಳಲ್ಲಿ ನಾನು ನಿಷ್ಪಕ್ಷಪಾತಿಯಾಗಿರುವ ಕೆಲಸದಲ್ಲಿ ಮುಳುಗಿಹೋಗಿದ್ದೆ.

ಹೈದರಾಬಾದಿನ ಒಂದು ಪಶು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೋಣೆ ನನ್ನ ಪಾಲಿಗೆ ಬಂದಿತ್ತು. ಒಂದು ಸೂಕ್ಷ್ಮದರ್ಶಕ, ಒಂದು ಸಿಂಕು, ಗಾಜಿನ ಸ್ಲೈಡುಗಳು, ಮತ್ತು ಪಕ್ಕದ ಕೋಣೆಯಿಂದ ಆಗಾಗ ಇಣುಕುವ ನಮ್ಮ ಸರ್ಜನ್. ಸರ್ಜನ್ ವಾರಂಗಲ್ ಕಡೆಯ ತೆಲುಗು ಮನುಷ್ಯ, ಕತ್ತರಿ ಹಿಡಿದರೆ ಕೈ ನಡುಗದು, ಬಾಯಿ ನಿಲ್ಲದು. ನಾನು ಗದಗ ಕಡೆಯವನೆಂದು ಹೇಗೋ ಊರಿಗೆಲ್ಲ ತಿಳಿದು, ಕಾಚಿಗೂಡ, ಬರ್ಕತ್‌ಪುರದ ಕನ್ನಡ ಮನೆಗಳವರೆಲ್ಲ ತಮ್ಮ ನಾಯಿ, ಬೆಕ್ಕು, ಒಮ್ಮೆ ಗಿಳಿಯನ್ನೂ ಹಿಡಿದುಕೊಂಡು ಸಾಲು ತಪ್ಪಿಸಿ ಸೀದಾ ನನ್ನ ಕೋಣೆಗೇ ಬರುತ್ತಿದ್ದರು. ಸರ್ಜನ್ ಬಾಗಿಲಲ್ಲಿ ನಿಂತು "ಡಾಕ್ಟರ್ ಗಾರೂ, ಮೀ ವಾಳ್ಳು ವಚ್ಚಾರು" ಎಂದು ಸಾರುತ್ತಿದ್ದ. ನಿಮ್ಮವರು ಬಂದರು! ನನ್ನ ಕೋಣೆಗೆ ಅವನು ಇಟ್ಟ ಹೆಸರು ಕರ್ನಾಟಕದ ರಾಯಭಾರ ಕಚೇರಿ. ಹೆಸರು ಜವಾನರವರೆಗೂ ಹಬ್ಬಿತು. ನನಗೆ ಅದು ನಾಚಿಕೆಯ ವಿಷಯವಾಯಿತು. ಅಂದಿನಿಂದ ನಮ್ಮವರು ಬಂದರೆ ಮುಖ ಗಂಟಿಕ್ಕಿಕೊಂಡು, ತೆಲುಗಿನಲ್ಲಿ ಮಾತಾಡಿ, ಸಾಲಿನ ಕೊನೆಗೆ ಕಳಿಸತೊಡಗಿದೆ. ಇದಕ್ಕೆ ನಾನು ನ್ಯಾಯ ಎಂದು ಹೆಸರಿಟ್ಟುಕೊಂಡಿದ್ದೆ.

ಅಂಥ ದಿನಗಳಲ್ಲೇ ಒಂದು ಬೇಸಗೆಯ ಬೆಳಿಗ್ಗೆ ಕಾಚಿಗೂಡದ ರಾಯರು ಬಂದರು. ಹೆಸರು ಬೇಡ, ರಾಯರು ಎಂದರೆ ಸಾಕು. ಸರಕಾರಿ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಮೂಲ ಬಾಗಲಕೋಟೆ ಕಡೆ, ತಾತನ ಕಾಲದಿಂದ ಹೈದರಾಬಾದು. ಅವರ ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಮುಧೋಳ ನಾಯಿ. ಎತ್ತರದ ಕಾಲು, ಒಳಗೆಳೆದುಕೊಂಡ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು, ಮತ್ತು ಇಡೀ ಆಸ್ಪತ್ರೆಯನ್ನು ತನ್ನ ಅಪ್ಪಣೆಯಿಲ್ಲದೆ ಕಟ್ಟಿದ್ದಾರೆಂಬ ಮುಖಭಾವ.

"ಇವನ ಹೆಸರು ಸುಬೇದಾರ್ರಿ" ಎಂದರು. "ನಾ ಮೂವತ್ತೈದ್ ವರ್ಷ ಸಾಹೇಬ್ರಿಗೆ ಸಲಾಂ ಹೊಡದೀನಿ. ಮನ್ಯಾಗ ಒಬ್ಬರಿಗಾದ್ರೂ ಅಧಿಕಾರ ಇರ್ಲಿ ಅಂತ ಹೆಸರಿಟ್ಟೆ."

ನಗು ಬಂತು. ಸರ್ಜನ್ ಬಾಗಿಲಲ್ಲಿದ್ದ. ನುಂಗಿಕೊಂಡೆ.

"ಏನಾಗಿದೆ?"

"ಎರಡ್ ದಿನಾ ಆತ್ರಿ, ಊಟ ಸರಿ ಮಾಡವಲ್ದು. ಬಿಸಲಿಗಿ ಇರಬೇಕು. ಕಿವ್ಯಾಗ ಒಂದೆರಡು ಉಣ್ಣಿ ಇದ್ವು, ನಾನ ಕಿತ್ತು ಒಗದೀನಿ."

ಉಣ್ಣಿ ಎಂಬ ಮಾತು ಬಿದ್ದ ಕೂಡಲೇ ನನ್ನ ಶಾಸ್ತ್ರಜ್ಞಾನ ಎದ್ದು ಕುಳಿತಿತು. ಉಣ್ಣಿ ಕಚ್ಚಿದಾಗ ಒಂದು ಅತಿ ಸಣ್ಣ ರೋಗಾಣು ನಾಯಿಯ ರಕ್ತಕ್ಕಿಳಿದು ಬಿಳಿಕಣಗಳೊಳಗೆ ಮನೆ ಮಾಡುತ್ತದೆ. ಅದರ ಮೊದಲ ಪೆಟ್ಟು ಪ್ಲೇಟ್‌ಲೆಟ್‌ಗಳಿಗೆ, ಅಂದರೆ ಗಾಯವಾದಲ್ಲಿ ರಕ್ತ ಕಟ್ಟಿಸುವ ಕಿರುಕಣಗಳಿಗೆ. ಅವು ಕುಸಿದರೆ ಹೊಟ್ಟೆಯ ಮೇಲೆ ಕೆಂಪು ಚುಕ್ಕೆ, ಮೂಗಿನಿಂದ ರಕ್ತ. ಕೆಲವು ನಾಯಿಗಳಲ್ಲಿ ರೋಗ ಹೊರಗೆ ಏನೂ ತೋರಿಸದೆ ತಿಂಗಳುಗಟ್ಟಲೆ ಒಳಗೇ ಕೂತಿರುತ್ತದೆ, ಪ್ಲೇಟ್‌ಲೆಟ್ ಮಾತ್ರ ಕಡಿಮೆ. ಈಗಿನ ಹಾಗೆ ರೋಗಾಣುವನ್ನೇ ಹುಡುಕುವ ಪರೀಕ್ಷೆಗಳು ನಮ್ಮಲ್ಲಿ ಆಗ ಇರಲಿಲ್ಲ. ಆದ್ದರಿಂದ ನಾವು ಪ್ಲೇಟ್‌ಲೆಟ್ ಎಣಿಸಿ ಉಣ್ಣಿ ಜ್ವರವನ್ನು ಊಹಿಸುತ್ತಿದ್ದೆವು, ಮತ್ತು ಊಹೆಯನ್ನು ತೀರ್ಪಿನ ದನಿಯಲ್ಲಿ ಹೇಳುತ್ತಿದ್ದೆವು.

ಮುಂಗಾಲಿನ ರಕ್ತನಾಳದಿಂದ ರಕ್ತ ತೆಗೆದೆ. ಸುಬೇದಾರ ಅಲುಗಲಿಲ್ಲ, ಬೇರೆ ಕಡೆ ನೋಡಿತು. ಹೆಪ್ಪುಗಟ್ಟದ ಹಾಗೆ ಮದ್ದು ಹಾಕಿದ ಶೀಶೆಯಲ್ಲಿ ರಕ್ತವನ್ನು ಮೆಲ್ಲಗೆ ತಲೆಕೆಳಗು ಮಾಡಿ, ಅದರ ಒಂದು ಪಾಲನ್ನು ಆಕ್ಸಲೇಟ್ ದ್ರಾವಣದಲ್ಲಿ ಬೆರೆಸಿದೆ. ಆ ದ್ರಾವಣದಲ್ಲಿ ಕೆಂಪುಕಣಗಳು ಒಡೆದು ಕರಗಿಹೋಗುತ್ತವೆ, ಪ್ಲೇಟ್‌ಲೆಟ್ ಉಳಿಯುತ್ತವೆ. ಅದನ್ನು ಗೆರೆ ಕೊರೆದ ಎಣಿಕೆಯ ಗಾಜಿಗೆ ಬಿಟ್ಟು, ಒದ್ದೆ ಕಾಗದ ಹಾಸಿದ ತಟ್ಟೆಯಲ್ಲಿ ಮುಚ್ಚಿಟ್ಟು ಕಾಯಬೇಕು. ಅವಸರ ಮಾಡಿದರೆ ತೇಲಾಡುವ ಕಣಗಳು ಕಣ್ಣಿಗೆ ಸಿಗುವುದಿಲ್ಲ. ತಳಕ್ಕೆ ಕುಳಿತ ಮೇಲೆ ಬೆಳಕು ತಗ್ಗಿಸಿ ನೋಡಿದರೆ ಮಿಣುಕು ಚುಕ್ಕೆಗಳ ಹಾಗೆ ಕಾಣುತ್ತವೆ. ಎಣಿಸಿದೆ. ಒಂದು ಲಕ್ಷ ಮೂವತ್ತು ಸಾವಿರ. ನನ್ನ ಪುಸ್ತಕದ ಪ್ರಕಾರ ನಾಯಿಗೆ ಎರಡು ಲಕ್ಷವಾದರೂ ಇರಬೇಕು.

ಎಣಿಕೆ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗೊಂಚಲಾದರೆ ಲೆಕ್ಕ ತಪ್ಪುತ್ತದೆ. ಅದನ್ನು ತಿಳಿಯಲು ರಕ್ತದ ತೆಳು ಲೇಪ ಎಳೆದು, ಬಣ್ಣ ಹಾಕಿ, ಅಂಚಿನಿಂದ ಅಂಚಿಗೆ ನೋಡಿದೆ. ಗೊಂಚಲಿಲ್ಲ. ಬಿಳಿಕಣದೊಳಗೆ ಉಪ್ಪುನೇರಳೆ ಹಣ್ಣಿನಂತೆ ಕಾಣುವ ರೋಗಾಣುಗಳ ಗುಂಪೂ ಇಲ್ಲ. ಆದರೆ ಅದು ಕಾಣುವುದೇ ಅಪರೂಪ. ಕಾಣದಿದ್ದರೆ ಇಲ್ಲವೆಂದು ಅರ್ಥವಲ್ಲ ಎಂದು ತರಬೇತಿಗೆ ಬರುವ ವಿದ್ಯಾರ್ಥಿಗಳಿಗೆ ನಾನೇ ಪಾಠ ಮಾಡುತ್ತಿದ್ದೆ. ಇನ್ನೊಂದು ಸಂಗತಿ ಇತ್ತು. ಸಣ್ಣ ನಳಿಗೆಯಲ್ಲಿ ರಕ್ತವನ್ನು ಯಂತ್ರಕ್ಕೆ ಹಾಕಿ ತಿರುಗಿಸಿದಾಗ ಕೆಂಪುಕಣಗಳು ಅರ್ಧಕ್ಕಿಂತ ಹೆಚ್ಚು ನಳಿಗೆಯನ್ನು ತುಂಬಿಕೊಂಡವು. ಉಣ್ಣಿ ಜ್ವರದಿಂದ ಸೊರಗಿದ ನಾಯಿಯಲ್ಲಿ ಕೆಂಪುಕಣ ಕಡಿಮೆಯಾಗಬೇಕು, ಇದರಲ್ಲಿ ಧಾರಾಳವಾಗಿತ್ತು. ಬೇಸಗೆ, ನೀರು ಕುಡಿದಿಲ್ಲ, ರಕ್ತ ಮಂದವಾಗಿದೆ ಎಂದುಕೊಂಡು ಮುಂದೆ ಹೋದೆ. ಬೇಡದ ಸಾಕ್ಷಿಯನ್ನು ಕೈಹಿಡಿದು ಹೊರಗೆ ಕೂರಿಸುವುದರಲ್ಲಿ ನನಗಿದ್ದಷ್ಟು ವಿನಯ ಕೋರ್ಟಿನ ಬೇಲಿಫನಿಗೂ ಇರಲಾರದು.

"ಉಣ್ಣಿ ಜ್ವರ" ಎಂದೆ. ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟೆ.

ಸುಬೇದಾರ ಮರುದಿನವೇ ಊಟ ಶುರು ಮಾಡಿತಂತೆ. ಮಾತ್ರೆಗೋ, ರಾಯರ ಹೆಂಡತಿ ಮಜ್ಜಿಗೆಯಲ್ಲಿ ಅನ್ನ ಕಲಸಿ ಕೊಟ್ಟದ್ದಕ್ಕೋ, ದೇವರಿಗೇ ಗೊತ್ತು. ಮಾತ್ರೆ ಮುಗಿಸಿ ಬಂದಾಗ ಮತ್ತೆ ಎಣಿಸಿದೆ. ಒಂದು ಲಕ್ಷ ಇಪ್ಪತ್ತೆಂಟು ಸಾವಿರ. ಮಾತ್ರೆ ಮುಂದುವರಿಸಿದೆ. ಜೊತೆಗೆ ಒಂದು ಇಂಜೆಕ್ಷನ್ ಕೊಟ್ಟೆ. ನಾಯಿಯ ಬಾಯಿಂದ ಜೊಲ್ಲು ಸುರಿದು, ಅದು ಜೀವನದಲ್ಲಿ ಮೊದಲ ಸಲ ಗೌರವ ಮರೆತು ಕುಂಯ್ಗುಟ್ಟಿತು. ಮೂರನೆಯ ಎಣಿಕೆ ಒಂದು ಲಕ್ಷ ಮೂವತ್ತೆರಡು ಸಾವಿರ. ಲೆಕ್ಕ ಕಲ್ಲಿನ ಹಾಗೆ ಕೂತಿತ್ತು. ಔಷಧಕ್ಕೆ ಬಗ್ಗದ ರೋಗ, ಒಳಗೇ ಬೇರುಬಿಟ್ಟಿದೆ ಎಂದು ತೀರ್ಮಾನಿಸಿದೆ. ರೋಗವೇ ಇಲ್ಲದಿದ್ದರೂ ಲೆಕ್ಕ ಹೀಗೇ ಕೂತಿರುತ್ತದೆ ಎಂಬುದು ಹೊಳೆಯಲಿಲ್ಲ.

"ಹಳೇ ರೋಗ. ಪೂರ್ತಿ ಹೋಗುವುದು ಕಷ್ಟ" ಎಂದೆ, ತೆಲುಗಿನಲ್ಲಿ.

ರಾಯರು ನನ್ನ ಮುಖ ನೋಡಿದರು. "ಕನ್ನಡದಾಗ ಹೇಳ್ರಿ ಡಾಕ್ಟ್ರ. ತೆಲುಗಿನ್ಯಾಗ ಭಾಳ ಖರೇ ಇದ್ದಂಗ ಕೇಳತೈತಿ."

ಕನ್ನಡದಲ್ಲೂ ಅದನ್ನೇ ಹೇಳಿದೆ.

ಆಮೇಲಿನ ಸಲ ಅವರ ಜೊತೆ ಮಗನೂ ಬಂದ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಕೆಲಸ, ಮಾತು ಮೆತ್ತಗೆ. ಅವನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು, ಮುಂದಿನ ವಾರ ಕೂಸಿನೊಂದಿಗೆ ಬರುವವಳಿದ್ದಳು.

"ಸರ್, ನಾಯಿ ಮ್ಯಾಲೆ ನಮಗೇನೂ ಸಿಟ್ಟಿಲ್ಲ" ಎಂದ. "ಆದ್ರ ಎರಡ್ ಖೋಲಿ ಮನಿ. ರಕ್ತದ ರೋಗ ಇರೋ ನಾಯಿ, ಮೂರ್ ತಿಂಗಳ ಕೂಸು. ನಮ್ಮ ಅತ್ತೀಯವರು ಒಪ್ಪವಲ್ರು."

"ನಾಯಿಯಿಂದ ಸೀದಾ ಮನುಷ್ಯರಿಗೆ ಬರುವುದಿಲ್ಲ" ಎಂದೆ. "ಉಣ್ಣಿ ಇರದ ಹಾಗೆ ನೋಡಿಕೊಳ್ಳಬೇಕು."

"ಅಷ್ಟ ಬರದು ಕೊಡ್ರಲ್ಲ" ಎಂದರು ರಾಯರು. "ನಾಯಿ ಆರೋಗ್ಯ ಐತಿ, ಮನ್ಯಾಗ ಇಟ್ಕೋಬಹುದು ಅಂತ ಒಂದ್ ಸಾಲು. ಬೀಗ್ತಿ ಕೈಯಾಗ ಹಿಡೀತೀನಿ. ಓದು ಬರಂಗಿಲ್ಲ ಅಕಿಗೆ, ಕಾಗದದ ಮ್ಯಾಲಿನ ಸಿಕ್ಕಾ ನೋಡ್ತಾಳ." ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ಶೇಂಗಾ ಹೋಳಿಗಿ ಅದಾವ್ರಿ. ಲಂಚ ಅನಕೋಬ್ಯಾಡ್ರಿ. ಲಂಚ ಆಗಿದ್ರ ತುಪ್ಪ ಹಚ್ಚತಿದ್ಲು ನಮ್ಮಾಕಿ."

ಬಾಗಿಲ ಹತ್ತಿರ ಸರ್ಜನ್ ಕೆಮ್ಮಿದ. ನಿಜಕ್ಕೂ ಕೆಮ್ಮು ಬಂದಿತ್ತೋ ಏನೋ. ಡಬ್ಬಿಯನ್ನು ಅವರ ಕಡೆ ತಳ್ಳಿದೆ. "ರಾಯರೇ, ಮೂರು ಸಲ ಎಣಿಸಿದ್ದೇನೆ. ಲೆಕ್ಕ ಕಡಿಮೆಯಿದೆ. ಕಡಿಮೆಯಿರುವಾಗ ಆರೋಗ್ಯವೆಂದು ಬರೆಯಲು ನನಗಾಗುವುದಿಲ್ಲ, ನಮ್ಮವರಿಗಾಗಲಿ, ಯಾರಿಗಾಗಲಿ."

ಭಾಷಣ ಚೆನ್ನಾಗಿತ್ತು. ಕೇಳಿದವರಲ್ಲಿ ಸುಬೇದಾರನೊಬ್ಬನೇ ಪ್ರಭಾವಿತನಾಗಲಿಲ್ಲ.

ರಾಯರು ಡಬ್ಬಿ ಚೀಲಕ್ಕೆ ಹಾಕಿಕೊಂಡರು. "ಖರೇ ಐತ್ರಿ. ಲೆಕ್ಕ ಅಂದ್ರ ಲೆಕ್ಕ. ನಾನೂ ಜಲ್ಮೆಲ್ಲ ಅದನ್ನ ಮಾಡೀನಿ" ಎಂದು ಎದ್ದರು. ನಾಯಿ ಅವರ ಹಿಂದೆ ಹೋಯಿತು, ಬಾಗಿಲಲ್ಲಿ ಅವರಿಗಾಗಿ ದಾರಿ ಬಿಟ್ಟು.

ಅವರು ಹೋದ ಮೇಲೆ ಸರ್ಜನ್ ಒಳಗೆ ಬಂದು ನನ್ನ ಸ್ಟೂಲಿನ ಮೇಲೆ ಕುಳಿತ. "ಲಿಖ್ ದೇನಾ ಥಾ ಯಾರ್" ಎಂದ. ಬರೆದುಕೊಡಬೇಕಿತ್ತು ಕಣಯ್ಯಾ. "ಕುತ್ತಾ ತೋ ಮಸ್ತ್ ಹೈ, ನಾಯಿ ಚೆನ್ನಾಗೇ ಇದೆ. ಆ ಹೋಳಿಗೆಯನ್ನೂ ವಾಪಸ್ ಕಳಿಸಿದೆಯಲ್ಲ!" ಯಾರ ಕಣ್ಣಲ್ಲಿ ನ್ಯಾಯವಂತನಾಗಿ ಕಾಣಲೆಂದು ಇಷ್ಟು ಮಾಡಿದೆನೋ ಆ ಮನುಷ್ಯನಿಗೆ ಹೋಳಿಗೆ ತಪ್ಪಿದ್ದೇ ಚಿಂತೆ.

ಸುಬೇದಾರನನ್ನು ಘಟಕೇಸರದ ಹತ್ತಿರ ಒಂದು ಕೋಳಿ ಫಾರಂಗೆ ಕಳಿಸಿದರೆಂದು ಆಮೇಲೆ ತಿಳಿಯಿತು. ಮಗನ ಜೊತೆ ಕೆಲಸ ಮಾಡುವವನ ಬಂಧುವಿನದಂತೆ, ಕಾವಲಿಗೆ ನಾಯಿ ಬೇಕಿತ್ತಂತೆ. ಬಯಲಿದೆ, ಓಡಾಡಿಕೊಂಡಿರುತ್ತದೆ, ಒಳ್ಳೆಯದೇ ಆಯಿತು ಎಂದುಕೊಂಡೆ.

ಮಳೆಗಾಲ ಹಿಡಿದ ಮೇಲೆ ಸಿಕಂದರಾಬಾದಿನ ಕಂಟೋನ್ಮೆಂಟಿನಿಂದ ಒಬ್ಬ ಸೇನಾಧಿಕಾರಿ ತನ್ನ ನಾಯಿ ತಂದ. ತಂತಿಬೇಲಿ ಹಾರುವಾಗ ತೊಡೆಯ ಚರ್ಮ ಹರಿದಿತ್ತು, ಸರ್ಜನ್ ಹೊಲಿಗೆ ಹಾಕಬೇಕಿತ್ತು. ಅರಿವಳಿಕೆಗೆ ಮುಂಚೆ ರಕ್ತ ನನ್ನ ಬಳಿ ಬಂತು. ಎಣಿಸಿದೆ. ಒಂದು ಲಕ್ಷ ನಲವತ್ತು ಸಾವಿರ. ಉಣ್ಣಿ ಜ್ವರ ಎಂದು ಬರೆಯಲು ಪೆನ್ನಿನ ಮುಚ್ಚಳ ತೆಗೆದೆ. ನಳಿಗೆಯಲ್ಲಿ ಕೆಂಪುಕಣ ಅರ್ಧಕ್ಕಿಂತ ಹೆಚ್ಚಿತ್ತು. ನೀರು ಕುಡಿದಿಲ್ಲ ಎಂದುಕೊಳ್ಳುವಷ್ಟರಲ್ಲಿ ಕಾರಿಡಾರಿನಿಂದ ಲೊಚಲೊಚನೆ ಸದ್ದು ಬಂತು. ಹೋಗಿ ನೋಡಿದೆ. ನಾಯಿ ನೆಲ ಒರೆಸುವ ಬಕೆಟಿಗೆ ಮೂತಿ ಹಾಕಿ ಅರ್ಧ ಖಾಲಿ ಮಾಡಿತ್ತು. ಎತ್ತರದ ಕಾಲು, ಒಳಗೆಳೆದುಕೊಂಡ ಹೊಟ್ಟೆ. ಮುಧೋಳ.

"ಉಣ್ಣಿ ಹತ್ತಿತ್ತೇ?" ಎಂದು ಹಿಂದಿಯಲ್ಲಿ ಕೇಳಿದೆ.

"ಇದಕ್ಕೆ? ಹತ್ತುವುದಕ್ಕೆ ಉಣ್ಣಿ ಇದನ್ನು ಹಿಡಿಯಬೇಕಲ್ಲ ಡಾಕ್ಟರ್ ಸಾಬ್" ಎಂದು ಅಧಿಕಾರಿ ನಕ್ಕ.

ನಾನು ನಗಲಿಲ್ಲ. ಕೋಣೆಗೆ ಬಂದು ಕುಳಿತೆ. ರೇಸಿನ ಗ್ರೇಹೌಂಡ್‌ಗಳ ರಕ್ತ ಬೇರೆ ನಾಯಿಗಳಂತಲ್ಲ, ಕೆಂಪುಕಣ ಹೆಚ್ಚು, ಪ್ಲೇಟ್‌ಲೆಟ್ ಕಡಿಮೆ ಎಂದು ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ಒಂದು ಸಾಲು ಹೇಳಿದ್ದು ನೆನಪಾಯಿತು. ಅದು ಪರೀಕ್ಷೆಗೆ ಬಂದಿರಲಿಲ್ಲ, ಆದ್ದರಿಂದ ನಾವು ಅದನ್ನು ಜ್ಞಾನವೆಂದು ಪರಿಗಣಿಸಿರಲಿಲ್ಲ. ಮುಧೋಳ ನಾಯಿಯೂ ಅದೇ ಓಟದ ಮೈಕಟ್ಟಿನದು. ನನ್ನ ಊರಿನ ಸುತ್ತಮುತ್ತಲಿನ ನಾಯಿ! ಬೇರೆ ಯಾರಾದರೂ ಮರೆಯಬಹುದಿತ್ತು. ನನ್ನ ಪುಸ್ತಕದ ಎರಡು ಲಕ್ಷ ಯಾವ ನಾಯಿಗಳದು? ಯಾವ ದೇಶದ ಯಾವ ಮನೆಯ ಸೋಫಾ ಮೇಲೆ ಮಲಗಿದವೋ, ಯಾರಿಗೆ ಗೊತ್ತು.

ಒಂದು ನಾಯಿಯಿಂದ ತೀರ್ಮಾನಕ್ಕೆ ಬರಬಾರದು. ಸುಬೇದಾರನ ವಿಷಯದಲ್ಲಿ ಬಂದು ನೋಡಿದ್ದೆ. ಆರೋಗ್ಯವಾಗಿರುವ ಇನ್ನಷ್ಟು ಮುಧೋಳಗಳ ರಕ್ತ ಬೇಕು. ಆದರೆ ಹೈದರಾಬಾದಿನಲ್ಲಿ ಮುಧೋಳ ಸಾಕುವವರು ಯಾರು? ನಮ್ಮವರು. ನಾನು ಸಾಲಿನ ಕೊನೆಗೆ ಕಳಿಸಿದವರು.

ಭಾನುವಾರ ಕಾಚಿಗೂಡದ ಕನ್ನಡ ಸಂಘದ ಕೂಟಕ್ಕೆ ಹೋದೆ. ವರ್ಷಗಳಿಂದ ಹೋಗಿರಲಿಲ್ಲ. ಕಾರ್ಯದರ್ಶಿ ನನ್ನನ್ನು ಎದುರಿನ ಕುರ್ಚಿಯಲ್ಲಿ ಕೂಡಿಸಿ, "ಡಾಕ್ಟ್ರು ದಾರಿ ತಪ್ಪಿ ಬಂದಾರ, ಚಪ್ಪಾಳಿ ಹೊಡೀರಿ" ಎಂದ. ಎಲ್ಲರೂ ಹೊಡೆದರು. ಮುಧೋಳ ನಾಯಿ ಯಾರ ಮನೆಯಲ್ಲಿದೆ ಎಂದು ಕೇಳಿದೆ. ಒಬ್ಬೊಬ್ಬರೂ ಪತ್ತೆ ಹೇಳಿದರು, ತಾರ್ನಾಕದಲ್ಲಿ ಒಂದು, ಮಲಕ್‌ಪೇಟೆಯಲ್ಲಿ ಎರಡು. ಯಾರೂ ನನ್ನನ್ನು ಸಾಲಿನಲ್ಲಿ ನಿಲ್ಲಿಸಲಿಲ್ಲ. ಮನೆಮನೆಗೆ ಹೋಗಿ, ಚಹಾ ಕುಡಿದು, ರಕ್ತ ತಂದು ಎಣಿಸಿದೆ. ಮೂರೂ ನಾಯಿಗಳು ಗುಂಡುಕಲ್ಲಿನ ಹಾಗಿದ್ದವು. ಮೂರರ ಲೆಕ್ಕವೂ ಎರಡು ಲಕ್ಷಕ್ಕಿಂತ ಕೆಳಗೆ, ಮೂರರ ಕೆಂಪುಕಣವೂ ಅರ್ಧಕ್ಕಿಂತ ಮೇಲೆ.

ಅಂದೇ ಸಂಜೆ ರಾಯರ ಮನೆಗೆ ಹೋದೆ. ಕೂಸು ತೊಟ್ಟಿಲಲ್ಲಿತ್ತು, ಮಗ ತೂಗುತ್ತಿದ್ದ. ಕನ್ನಡದಲ್ಲೇ ಹೇಳಿದೆ: "ರಾಯರ, ಸುಬೇದಾರಗ ರೋಗ ಇರಲೇ ಇಲ್ರಿ. ಅವನ ಜಾತಿಗೆ ಅಷ್ಟ ಇರತಾವು. ನನ್ನ ಲೆಕ್ಕ ಸರಿ ಇತ್ತು, ಅರ್ಥ ತಪ್ಪಿತ್ತು."

ಬೈಯುತ್ತಾರೆಂದು ಕಾದೆ. ರಾಯರು ಹೆಂಡತಿಯನ್ನು ಕೂಗಿದರು. "ಕೇಳಿದೇನ? ನಮ್ಮ ಸುಬೇದಾರ ಪಾಸ್ ಆಗ್ಯಾನ! ಡಾಕ್ಟ್ರು ಸ್ವತಃ ಬಂದು ರಿಸಲ್ಟ್ ಹೇಳ್ಯಾರ!" ಆಕೆ ಒಳಗಿನಿಂದ ಅವಲಕ್ಕಿ ತಂದರು. ಮಗ ತೊಟ್ಟಿಲ ಹಗ್ಗ ಬಿಟ್ಟು, "ನಾಳೆ ರಜಾ ಹಾಕ್ತೀನ್ರಿ ಸರ್, ಹೋಗಿ ಕರಕೊಂಡು ಬರೋಣು. ಅತ್ತೀಗೆ ನೀವ ಒಂದ್ ಮಾತು ಹೇಳ್ರಿ" ಎಂದ. ರಾಯರು ನನ್ನ ಎರಡೂ ಕೈ ಹಿಡಿದುಕೊಂಡು ಉಪಕಾರವಾಯಿತೆಂದರು. ಉಪಕಾರ! ಅವಲಕ್ಕಿಯನ್ನು ಒಂದೊಂದೇ ಚಮಚ ತಿಂದೆ. ಬೇಗ ಮುಗಿಸಿದ್ದರೆ ಇನ್ನಷ್ಟು ಹಾಕುತ್ತಿದ್ದರು.

ಬೆಳಿಗ್ಗೆ ಮೂವರೂ ಆಟೋದಲ್ಲಿ ಘಟಕೇಸರಕ್ಕೆ ಹೋದೆವು. ದಾರಿಯುದ್ದಕ್ಕೂ ರಾಯರು ಮಡಿಲಲ್ಲಿ ಹಗ್ಗ ಇಟ್ಟುಕೊಂಡು ಮಾತಾಡುತ್ತಿದ್ದರು. ನಾಯಿ ಕೋಳಿ ಶೆಡ್ಡಿನ ಹಿಂದೆ, ಗೋಣಿಚೀಲದ ಮೇಲೆ ಮಲಗಿತ್ತು. ರಾಯರ ದನಿಗೆ ಬಾಲ ಒಮ್ಮೆ ಅಲುಗಿತು, ತಲೆ ಏಳಲಿಲ್ಲ. ಮೂಗಿನ ಕೆಳಗೆ ರಕ್ತ ಒಣಗಿತ್ತು. ಹೊಟ್ಟೆಯ ಮೇಲೆ ಕೆಂಪು ಚುಕ್ಕೆಗಳು. ಬೆರಳ ಸಂದಿಗಳಲ್ಲಿ, ಕಿವಿಯೊಳಗೆ, ಜೋಳದ ಕಾಳಿನ ಹಾಗೆ ಉಬ್ಬಿದ ಉಣ್ಣಿಗಳು.

"ಎಷ್ಟು ದಿನದಿಂದ ಹೀಗೆ? ಯಾಕೆ ತರಲಿಲ್ಲ?" ಎಂದು ಫಾರಂನವನನ್ನು ಗದರಿದೆ.

ಅವನು ಗಾಬರಿಯಾದ. "ದಾನಿಕಿ ಪಾತ ರೋಗಮೇ ಕದಂಡೀ. ತಗ್ಗದನಿ ಡಾಕ್ಟರೇ ಚೆಪ್ಪಾರಟ" ಎಂದ. ಅದಕ್ಕೆ ಹಳೇ ರೋಗವಲ್ಲವೇ, ವಾಸಿಯಾಗುವುದಿಲ್ಲವೆಂದು ಡಾಕ್ಟರೇ ಹೇಳಿದ್ದಾರಂತೆ. ಆ ಡಾಕ್ಟರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಮಗ ನೆಲ ನೋಡಿದ. ರಾಯರು ಕೂತು ಒಂದೊಂದೇ ಉಣ್ಣಿ ಕೀಳತೊಡಗಿದರು.

ಆಸ್ಪತ್ರೆಗೆ ತಂದು ರಕ್ತ ತೆಗೆದೆ. ಸೂಜಿ ಚುಚ್ಚಿದ ಜಾಗ ಒತ್ತಿಹಿಡಿದರೂ ಒಸರುತ್ತಲೇ ಇತ್ತು. ಎಣಿಕೆಯ ಗಾಜಿನಲ್ಲಿ ಮಿಣುಕು ಚುಕ್ಕೆಗಳಿಗಾಗಿ ಹುಡುಕಬೇಕಾಯಿತು. ಹದಿನೈದು ಸಾವಿರ. ಕೆಂಪುಕಣ ನಳಿಗೆಯ ತಳದಲ್ಲಿ ಸ್ವಲ್ಪವೇ ಕುಳಿತಿತ್ತು. ಬಣ್ಣ ಹಾಕಿದ ಲೇಪದಲ್ಲಿ, ಒಂದು ಬಿಳಿಕಣದೊಳಗೆ, ನಾನು ವರ್ಷಕ್ಕೊಮ್ಮೆ ಕಾಣುವ ಉಪ್ಪುನೇರಳೆ ಹಣ್ಣು ಸ್ಪಷ್ಟವಾಗಿ ಕೂತಿತ್ತು.

"ಎಷ್ಟ್ ಇರಬೇಕಿತ್ರಿ ಇವಂಗ?" ಎಂದು ರಾಯರು ಕೇಳಿದರು.

"ಒಂದು ಲಕ್ಷ ಮೂವತ್ತು ಸಾವಿರ" ಎಂದೆ. ಆ ನಗರದಲ್ಲಿ ತನ್ನ ಆರೋಗ್ಯದ ಲೆಕ್ಕ ಇಷ್ಟು ಖಚಿತವಾಗಿ ಗೊತ್ತಿದ್ದ ನಾಯಿ ಬೇರೆ ಇರಲಿಲ್ಲ.

ಸರ್ಜನ್ ಕಂಟೋನ್ಮೆಂಟಿಗೆ ಫೋನ್ ಮಾಡಿದ. ಅಧಿಕಾರಿ ತನ್ನ ನಾಯಿಯನ್ನು ಜೀಪಿನಲ್ಲಿ ತಂದ. ಎರಡರ ರಕ್ತವನ್ನೂ ಗಾಜಿನ ಮೇಲೆ ಬೆರೆಸಿ, ಹೊಂದುತ್ತದೆಂದು ನೋಡಿಕೊಂಡು, ಒಂದು ಚೀಲ ತೆಗೆದು ಹನಿಹನಿಯಾಗಿ ಬಿಟ್ಟೆವು. ಅದೇ ಮಾತ್ರೆಗಳನ್ನು ಅರೆದು ಕೊಟ್ಟೆವು. ಅಂದು ಸಂಜೆ ವಸಡು ಸ್ವಲ್ಪ ಕೆಂಪಾಯಿತು, ರಾಯರ ಬೆರಳಿನಿಂದ ಎರಡು ಚಮಚ ಮಜ್ಜಿಗೆ ನೆಕ್ಕಿತು. ಮರುದಿನ ಮೂಗಿನ ರಕ್ತ ಮತ್ತೆ ಶುರುವಾಗಿ ನಿಲ್ಲಲಿಲ್ಲ. ಮಧ್ಯಾಹ್ನ ಸುಬೇದಾರ ಸತ್ತಿತು. ಕಾರಣ, ಉಣ್ಣಿ ಜ್ವರ.